ಬರ್ಗ್‌ಮನ್‌ನ ಕೆಂಪು ಮನೆಗೆ ಹೋಗುವ ಮುನ್ನ

ಕೆಲವು ಸಿನಿಮಾ ಮುಗಿದ ಮೇಲೆ ಯಾರಾದರೂ "ಹೇಗಿತ್ತು?" ಅಂತ ಕೇಳಿದರೆ ಬಾಯಿ ಕಟ್ಟುತ್ತದೆ. ಚೆನ್ನಾಗಿತ್ತು ಅನ್ನಲು ಮನಸ್ಸು ಒಪ್ಪುವುದಿಲ್ಲ. ಚೆನ್ನಾಗಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ನನ್ನ ಪಾಲಿಗೆ ಅಂಥದ್ದು ಸ್ವೀಡನ್ನಿನ ಇಂಗ್ಮಾರ್ ಬರ್ಗ್‌ಮನ್ ಮಾಡಿದ ‘ಕ್ರೈಸ್ ಅಂಡ್ ವಿಸ್ಪರ್ಸ್’. 1972ರ ಚಿತ್ರ, 91 ನಿಮಿಷ. ಪೂರ್ತಿಯಾಗಿ ಎರಡು ಸಲ ನೋಡಿದ್ದೇನೆ, ಅದಕ್ಕೂ ಮುಂಚೆ ಅರ್ಧಕ್ಕೇ ಎದ್ದು ಹೋಗಿದ್ದೆ. ಒಮ್ಮೆಯೂ ಖುಷಿ ಸಿಕ್ಕಿಲ್ಲ. ಆದರೆ ಇದಕ್ಕಿಂತ ಚೆನ್ನಾಗಿ ಕಟ್ಟಿದ ಚಿತ್ರ ನಾನು ನೋಡಿರುವುದು ಬಹಳ ಕಡಿಮೆ.

ಅರ್ಧಕ್ಕೆ ಎದ್ದು ಹೋದದ್ದು ಸಿನಿಮಾದ ತಪ್ಪಲ್ಲ, ನಾನು ನೋಡಲು ಕೂತ ರೀತಿಯೇ ಸರಿ ಇರಲಿಲ್ಲ. ಹಾಸ್ಟೆಲಿನಲ್ಲಿ, ರಾತ್ರಿ ಹನ್ನೊಂದಕ್ಕೆ, ಮಂಕು ಲ್ಯಾಪ್‌ಟಾಪಿನಲ್ಲಿ, ಹೊಟ್ಟೆ ತುಂಬ ಊಟ ಮಾಡಿ ಕೂತಿದ್ದೆ. ದೊಡ್ಡ ನಿರ್ದೇಶಕನ ಸಿನಿಮಾ, ಇಷ್ಟ ಆಗಲೇಬೇಕು ಅನ್ನುವ ಹಟ ಬೇರೆ. ನೀವು ಹಾಗೆ ಮಾಡಬೇಡಿ. ಇಷ್ಟಪಡುವ ಹಟವನ್ನು ಚಪ್ಪಲಿ ಜೊತೆ ಬಾಗಿಲಲ್ಲೇ ಬಿಟ್ಟರೆ ಅರ್ಧ ಕೆಲಸ ಆದ ಹಾಗೆ. ಮಿಕ್ಕ ಅರ್ಧ ಹೇಗೆ ಅಂತ ಕೆಳಗೆ ಹೇಳಿದ್ದೇನೆ.

ಮೊದಲು: ಈಗ ನೋಡಬಹುದಾ?

ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿದ್ದರೆ ಬೇಡ. ಹತ್ತಿರದವರು ತೀರಿಕೊಂಡು ವರ್ಷ ತುಂಬದಿದ್ದರೆ ಬೇಡ. ಕ್ಯಾನ್ಸರ್ ಆಸ್ಪತ್ರೆಗೆ ಓಡಾಡಿ ಬಂದವರು ಇನ್ನೂ ಸ್ವಲ್ಪ ಕಾಲ ದೂರ ಇರುವುದು ಒಳ್ಳೆಯದು. ತನ್ನ ಮೈಯನ್ನು ತಾನೇ ಗಾಯ ಮಾಡಿಕೊಳ್ಳುವ ದೃಶ್ಯ ಒಂದಿದೆ, ಇನ್ನೊಂದು ಸಣ್ಣದಾಗಿ ಇದೆ. ಅದು ನಿಮ್ಮನ್ನು ಎಲ್ಲಿಗೋ ಎಳೆದುಕೊಂಡು ಹೋಗುತ್ತದೆ ಅನ್ನಿಸಿದರೆ ಧಾರಾಳವಾಗಿ ಬಿಟ್ಟುಬಿಡಿ. ಸಿನಿಮಾ ನೋಡದಿದ್ದರೆ ಯಾರೂ ದಂಡ ಹಾಕುವುದಿಲ್ಲ.

ಮಕ್ಕಳು ಓಡಾಡುವ ಹಾಲ್‌ನಲ್ಲಂತೂ ಹಾಕಲೇಬೇಡಿ.

ಕಥೆ ಗೊತ್ತಿರಲಿ

ಕಥೆ ಮೊದಲೇ ತಿಳಿದರೆ ರುಚಿ ಕೆಡುತ್ತದೆ ಅನ್ನುವ ಮಾತು ಇಲ್ಲಿಗೆ ಹೊಂದುವುದಿಲ್ಲ. ಮುಂದೇನು ಅಂತ ಕಾಯುವ ಸಿನಿಮಾ ಅಲ್ಲ ಇದು. ಗೊತ್ತಿದ್ದರೆ ಹೆದರಿಕೆ ಕಡಿಮೆಯಾಗಿ ಕಣ್ಣು ಬೇರೆ ಕಡೆ ಓಡಾಡುತ್ತದೆ.

ಹತ್ತೊಂಬತ್ತನೇ ಶತಮಾನದ ಕೊನೆ. ಸ್ವೀಡನ್ನಿನ ಹಳ್ಳಿಗಾಡಿನಲ್ಲಿ ಒಂದು ದೊಡ್ಡ ಬಂಗಲೆ. ಆಗ್ನೆಸ್ ಅನ್ನುವ ಮದುವೆಯಾಗದ ಹೆಂಗಸು ಕ್ಯಾನ್ಸರ್‌ನಿಂದ ಸಾಯುತ್ತಿದ್ದಾಳೆ. ಅವಳನ್ನು ನೋಡಿಕೊಳ್ಳಲು ಇಬ್ಬರು ಸೋದರಿಯರು ಬಂದಿದ್ದಾರೆ. ಕಾರಿನ್ ಮರದ ಕೊರಡಿನ ಹಾಗೆ ಬಿಗಿ. ಮರಿಯಾ ನಯ, ನಾಜೂಕು, ಒಳಗೆ ಪೊಳ್ಳು. ಇವರ ಜೊತೆ ವರ್ಷಗಟ್ಟಲೆ ಆ ಮನೆಯಲ್ಲೇ ದುಡಿಯುತ್ತಿರುವ ಆನ್ನಾ. ಅವಳ ಪುಟ್ಟ ಮಗಳು ಸತ್ತುಹೋಗಿದ್ದಾಳೆ. ಆಗ್ನೆಸ್ ನರಳಿ ನರಳಿ ಸಾಯುತ್ತಾಳೆ. ಸೋದರಿಯರು ಹತ್ತಿರವಾಗಲು ನೋಡಿ ಸೋಲುತ್ತಾರೆ. ಸತ್ತವಳು ಮಲಗಿದ್ದಲ್ಲಿಂದಲೇ ಕರೆಯುವ ಒಂದು ವಿಚಿತ್ರ ರಾತ್ರಿ ಬರುತ್ತದೆ. ಆಮೇಲೆ ಗಂಟುಮೂಟೆ ಕಟ್ಟಿ ಎಲ್ಲರೂ ಹೊರಡುತ್ತಾರೆ. ಅಷ್ಟೇ.

ಆಗ್ನೆಸ್ ಆಗಿ ಹ್ಯಾರಿಯೆಟ್ ಆಂಡರ್ಸನ್, ಕಾರಿನ್ ಆಗಿ ಇಂಗ್ರಿಡ್ ಥುಲಿನ್, ಮರಿಯಾ ಆಗಿ ಲಿವ್ ಉಲ್ಮನ್, ಆನ್ನಾ ಆಗಿ ಕಾರಿ ಸಿಲ್ವಾನ್. ಲಿವ್ ಉಲ್ಮನ್ ಇನ್ನೊಂದು ಪಾತ್ರವನ್ನೂ ಮಾಡಿದ್ದಾಳೆ, ಸತ್ತುಹೋದ ಅಮ್ಮನದು. ಇದು ಗೊತ್ತಿಲ್ಲದಿದ್ದರೆ ನೆನಪಿನ ದೃಶ್ಯದಲ್ಲಿ ಗೊಂದಲವಾಗುತ್ತದೆ. ನನಗೆ ಆಗಿತ್ತು.

ಹೆಸರಿನ ಬಗ್ಗೆಯೂ ಒಂದು ಮಾತು. ಸ್ವೀಡಿಷ್ ಹೆಸರಿನಲ್ಲಿ ಪಿಸುಮಾತು ಮೊದಲು, ಕೂಗು ಆಮೇಲೆ. ಇಂಗ್ಲಿಷಿನವರು ತಿರುಗಿಸಿದ್ದಾರೆ. ಸಿನಿಮಾ ನಡೆಯುವುದು ಸ್ವೀಡಿಷ್ ಹೆಸರಿನ ಕ್ರಮದಲ್ಲೇ.

ಟಿವಿ, ಕಿವಿ, ಹೊತ್ತು

ಈ ಹಂತ ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಯಾಕೆಂದರೆ ಇದು ಕೆಂಪು ಬಣ್ಣದ ಸಿನಿಮಾ. ಗೋಡೆ ಕೆಂಪು, ಪರದೆ ಕೆಂಪು, ನೆಲಹಾಸು ಕೆಂಪು. ಒಂದು ದೃಶ್ಯ ಕರಗುವಾಗ ಸಾಮಾನ್ಯವಾಗಿ ತೆರೆ ಕಪ್ಪಾಗುತ್ತದೆ ಅಲ್ವಾ? ಇಲ್ಲಿ ಕೆಂಪಾಗುತ್ತದೆ. ಆತ್ಮದ ಒಳಭಾಗ ಅಂದರೆ ಕೆಂಪು ಛಾಯೆಯ ಒದ್ದೆ ಪೊರೆ ಅಂತ ಚಿಕ್ಕಂದಿನಿಂದ ಕಲ್ಪಿಸಿಕೊಂಡಿದ್ದೆ ಎಂದು ಬರ್ಗ್‌ಮನ್ ಹೇಳಿಕೊಂಡಿದ್ದಾನೆ. ಕೆಂಪು ಕೋಣೆಯಲ್ಲಿ ಬಿಳಿ ಬಟ್ಟೆ ಹಾಕಿಕೊಂಡು ಪಿಸುಗುಟ್ಟುವ ನಾಲ್ವರು ಹೆಂಗಸರ ಚಿತ್ರ ಪದೇ ಪದೇ ಅವನ ಕಣ್ಣಮುಂದೆ ಬಂದು, ಅದರಿಂದಲೇ ಸಿನಿಮಾ ಹುಟ್ಟಿತಂತೆ.

ಛಾಯಾಗ್ರಾಹಕ ಸ್ವೆನ್ ನೈಕ್ವಿಸ್ಟ್ ಇದಕ್ಕಾಗಿ ಆಸ್ಕರ್ ಪಡೆದ. ಕಿಟಕಿಯಿಂದ ಬರುವ ಬೆಳಕನ್ನೇ ನೆಚ್ಚಿಕೊಂಡು ತೆಗೆದ ದೃಶ್ಯಗಳು ತುಂಬ ಇವೆ. ಅಂಥವನ ಕೆಲಸವನ್ನು ನಾನು ಹಾಸ್ಟೆಲಿನಲ್ಲಿ ನೋಡಿದಾಗ ಗೋಡೆಗಳು ಹುರುಳಿ ಕಟ್ಟಿನ ಬಣ್ಣದಲ್ಲಿದ್ದವು. ಕಣ್ಣಿಗೆ ತಂಪು ಅಂತ ಲ್ಯಾಪ್‌ಟಾಪಿನಲ್ಲಿ ತೆರೆಯನ್ನು ಹಳದಿ ಮಾಡುವ ನೈಟ್ ಲೈಟ್ ಸೆಟ್ಟಿಂಗ್ ಹಾಕಿಟ್ಟಿದ್ದೆ!

ಆದ್ದರಿಂದ ನೈಟ್ ಲೈಟ್ ಆರಿಸಿ. ಟಿವಿಯಲ್ಲಿ ‘ವಿವಿಡ್’ ಅಂತ ಇದ್ದರೆ ತೆಗೆದು ‘ಸಿನಿಮಾ’ ಅಥವಾ ‘ಮೂವಿ’ಗೆ ಹಾಕಿ. ‘ವಿವಿಡ್’ನಲ್ಲಿ ಆ ಕೆಂಪು ಮದುವೆ ಮಂಟಪದ ಹಾಗೆ ಹೊಳೆಯುತ್ತದೆ. ಚಲನೆ ನಯ ಮಾಡುವ ಸೆಟ್ಟಿಂಗ್ ಇದ್ದರೆ ಅದನ್ನೂ ಆರಿಸಿ, ಇಲ್ಲವಾದರೆ ಎಲ್ಲ ಧಾರಾವಾಹಿ ಥರ ಕಾಣುತ್ತದೆ. ಕಿಟಕಿ ಪರದೆ ಎಳೆಯಿರಿ. ಫೋನಿನಲ್ಲಿ ನೋಡುವುದಾದರೆ ನೋಡದೇ ಇರುವುದು ಮೇಲು.

ಕಿವಿಗೆ ಹೆಡ್‌ಫೋನ್ ಇದ್ದರೆ ಒಳ್ಳೆಯದು. ಗಡಿಯಾರದ ಟಿಕ್ ಟಿಕ್, ಬಟ್ಟೆಯ ಸರಸರ, ರೋಗಿಯ ಉಸಿರು, ಯಾರದೋ ಪಿಸುಮಾತು. ಸಂಗೀತ ಕೆಲವೇ ಕಡೆ ಬರುತ್ತದೆ. ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ ಅರ್ಧ ಸಿನಿಮಾ ಅದರಲ್ಲೇ ಹೋಗುತ್ತದೆ. ಡಬ್ ಆದ ಪ್ರತಿ ಬೇಡವೇ ಬೇಡ. ಸ್ವೀಡಿಷ್ ಧ್ವನಿ, ಇಂಗ್ಲಿಷ್ ಸಬ್‌ಟೈಟಲ್.

ಹೊತ್ತು: ಭಾನುವಾರ ಸಂಜೆ ನಾಲ್ಕು. ಐದೂವರೆಗೆ ಮುಗಿಯುತ್ತದೆ, ಹೊರಗೆ ಇನ್ನೂ ಬೆಳಕಿರುತ್ತದೆ, ಬೀದಿಯಲ್ಲಿ ಜನ ಇರುತ್ತಾರೆ. ರಾತ್ರಿ ನೋಡಿ ಹಾಗೇ ಮಲಗಿದರೆ ನಿದ್ದೆ ನಿಮ್ಮದಲ್ಲ.

ಮೊದಲ ಹತ್ತು ನಿಮಿಷ ಸುಮ್ನೆ ಕೂರಿ

ತೋಟ, ಕಲ್ಲಿನ ವಿಗ್ರಹ, ಮಂಜು, ಗಡಿಯಾರಗಳು. ಮಲಗಿರುವ ಆಗ್ನೆಸ್ ಮುಖ. ನೋವಿಗೆ ಎಚ್ಚರವಾಗಿ ಅವಳ ಮುಖ ಕಿವುಚಿಕೊಳ್ಳುತ್ತದೆ, ಸಡಿಲವಾಗುತ್ತದೆ, ಮತ್ತೆ ಕಿವುಚಿಕೊಳ್ಳುತ್ತದೆ. ಒಂದು ಮಾತಿಲ್ಲ. ಎದ್ದು ಕಿಟಕಿ ಹತ್ತಿರ ಹೋಗುತ್ತಾಳೆ. ಪಕ್ಕದ ಕೋಣೆಯಲ್ಲಿ ಕುರ್ಚಿಯ ಮೇಲೆ ಮರಿಯಾ ನಿದ್ದೆ ಹೋಗಿದ್ದಾಳೆ. ರೋಗಿಯನ್ನು ಕಾಯಲು ಕೂತವಳು! ಆಗ್ನೆಸ್ ಬೈಯುವುದಿಲ್ಲ. ದಿನಚರಿ ತೆಗೆದು ಬರೆಯಲು ಕೂರುತ್ತಾಳೆ. ಸೋಮವಾರ ಬೆಳಗಿನ ಜಾವ, ನನಗೆ ನೋವಾಗುತ್ತಿದೆ ಅಂತ.

ಇಲ್ಲಿ ಫೋನ್ ಕಡೆ ಕೈ ಹೋಗುವುದು ಸಹಜ. ಹೋಗಲು ಬಿಡಬೇಡಿ. ಸಿನಿಮಾ ನಿಮ್ಮ ಉಸಿರನ್ನು ತನ್ನ ವೇಗಕ್ಕೆ ಹೊಂದಿಸಿಕೊಳ್ಳುವುದು ಈ ಹತ್ತು ನಿಮಿಷದಲ್ಲೇ.

ಹಿಡಿದುಕೊಳ್ಳಲು ಒಂದು ದಾರ: ಕೈಗಳು

ಮುಖ್ಯವಾದದ್ದು ಇದೇ. ಸಂಕಟದ ಸಿನಿಮಾ ನೋಡುವಾಗ ಹಿಡಿದುಕೊಳ್ಳಲು ಏನಾದರೂ ಒಂದು ಬೇಕು. ಇಲ್ಲದಿದ್ದರೆ ಬರೀ ಸಂಕಟದಲ್ಲಿ ಮುಳುಗುತ್ತೇವೆ. ಈ ಚಿತ್ರದಲ್ಲಿ ಕೈಗಳನ್ನು ಹಿಡಿದುಕೊಳ್ಳಿ. ಯಾರು ಯಾರನ್ನು ಮುಟ್ಟುತ್ತಾರೆ, ಯಾರು ಕೈ ಹಿಂದೆ ಎಳೆದುಕೊಳ್ಳುತ್ತಾರೆ, ಅಷ್ಟನ್ನೇ ಲೆಕ್ಕ ಇಡುತ್ತಾ ಹೋಗಿ. ಅರ್ಥ ಏನು, ಸಂಕೇತ ಏನು ಅನ್ನುವ ತಲೆನೋವು ಬೇಡ.

ಆಗ್ನೆಸ್‌ಗೆ ಅಮ್ಮನ ನೆನಪು ಬರುತ್ತದೆ. ಅಮ್ಮ ಚೆಲುವೆ, ದೂರ, ಯಾವಾಗಲೂ ಮರಿಯಾ ಮೇಲೇ ಪ್ರೀತಿ. ಒಂದು ದಿನ ಅಮ್ಮ ದುಃಖದಲ್ಲಿ ಕೂತಿದ್ದಾಗ ಹುಡುಗಿ ಹೋಗಿ ಅಮ್ಮನ ಕೆನ್ನೆ ಮುಟ್ಟುತ್ತಾಳೆ. ಆಗ್ನೆಸ್‌ನ ಇಡೀ ಬಾಳಿಗೆ ಆ ಒಂದು ಸ್ಪರ್ಶವೇ ಬಂಡವಾಳ.

ಮರಿಯಾಳ ನೆನಪಿನಲ್ಲಿ ಅವಳ ಗಂಡ ತನಗೆ ತಾನೇ ಚಾಕು ಚುಚ್ಚಿಕೊಂಡು, ಅಳುತ್ತಾ, ಸಹಾಯ ಮಾಡು ಅನ್ನುತ್ತಾನೆ. ಅವಳು ಹಿಂದೆ ಹಿಂದೆ ಸರಿಯುತ್ತಾಳೆ. ಕಾರಿನ್ ಅಂತೂ ನನ್ನನ್ನು ಮುಟ್ಟಬೇಡ ಅಂತ ಬಾಯಿಬಿಟ್ಟೇ ಹೇಳುವವಳು. ಇನ್ನು ಆನ್ನಾ. ಆಗ್ನೆಸ್ ನೋವಿನಲ್ಲಿ ಚೀರಿದ ರಾತ್ರಿ ಅವಳು ಮಾತಾಡುವುದಿಲ್ಲ. ಹಾಸಿಗೆ ಹತ್ತಿ, ರವಿಕೆ ಸಡಿಲಿಸಿ, ಕೂಸನ್ನು ಎದೆಗೆ ಹಾಕಿಕೊಂಡ ಹಾಗೆ ಅವಳ ತಲೆಯನ್ನು ಎದೆಗೆ ಒತ್ತಿಕೊಳ್ಳುತ್ತಾಳೆ.

ಎರಡನೇ ಸಲ ನಾನು ಇದನ್ನು ಮನೆಯಲ್ಲಿ ನೋಡುವಾಗ ಅಮ್ಮ ಅವರೆಕಾಯಿ ಸುಲಿಯುತ್ತಾ ಪಕ್ಕದಲ್ಲಿ ಬಂದು ಕೂತರು. ಇಂಗ್ಲಿಷ್ ಸಬ್‌ಟೈಟಲ್ ಅಷ್ಟು ಬೇಗ ಓದಲು ಅವರಿಗೆ ಆಗುವುದಿಲ್ಲ. ಸುಮ್ಮನೆ ನೋಡಿದರು. ಸ್ವಲ್ಪ ಹೊತ್ತಾದ ಮೇಲೆ ಆನ್ನಾಳನ್ನು ತೋರಿಸಿ, "ಇವಳೇ ಅಲ್ವೇನೋ ಒಡಹುಟ್ಟಿದವಳು? ಮಿಕ್ಕಿಬ್ಬರು ಯಾರು, ನೆಂಟರಾ?" ಅಂತ ಕೇಳಿದರು. ನಾನು ಓದಿದ ಯಾವ ವಿಮರ್ಶೆಯೂ ಅಷ್ಟು ನೇರವಾಗಿ ಹೇಳಿರಲಿಲ್ಲ.

ಕಣ್ಣು ಮುಚ್ಚುವ ಜಾಗ

ಕಾರಿನ್ ನೆನಪು ಶುರುವಾದಾಗ ಹುಷಾರು. ಗಂಡ ಹೆಂಡತಿ ಎದುರುಬದುರು ಕೂತು ಊಟ ಮಾಡುತ್ತಿರುತ್ತಾರೆ. ಮೇಜಿನ ಮೇಲೆ ವೈನ್ ಲೋಟ ಒಡೆಯುತ್ತದೆ. ಅವಳು ಒಂದು ಚೂರನ್ನು ಎತ್ತಿಟ್ಟುಕೊಳ್ಳುತ್ತಾಳೆ. ಆಮೇಲೆ ಆನ್ನಾ ಬಂದು ಅವಳ ಬಟ್ಟೆ ಬಿಚ್ಚಲು ನೆರವಾಗುತ್ತಾಳೆ. ಅಲ್ಲಿಯವರೆಗೆ ನೋಡಿ, ಬಿಡಬೇಡಿ. ಹಾಗೆ ನೋಡಬೇಡ ಅಂತ ಕಾರಿನ್ ಆನ್ನಾ ಕೆನ್ನೆಗೆ ಹೊಡೆಯುತ್ತಾಳೆ. ತಕ್ಷಣ ಕ್ಷಮಿಸು ಅನ್ನುತ್ತಾಳೆ. ಆನ್ನಾ ಇಲ್ಲ ಅಂತ ತಲೆ ಆಡಿಸುತ್ತಾಳೆ. ಆ ಒಂದು ತಲೆ ಆಡಿಸುವಿಕೆ ನನಗೆ ಇಡೀ ಚಿತ್ರದಲ್ಲೇ ತುಂಬ ಬೇಕಾದದ್ದು.

ಆನ್ನಾ ಆಚೆ ಹೋದ ಮೇಲೆ ಕಾರಿನ್ ಒಬ್ಬಳೇ ಗಾಜಿನ ಚೂರು ಕೈಗೆತ್ತಿಕೊಂಡಾಗ ಕಣ್ಣು ಮುಚ್ಚಿ. ತೆರೆ ಕೆಂಪಾಗುವವರೆಗೆ ತೆಗೆಯಬೇಡಿ. ಗಂಡ ತನ್ನನ್ನು ಮುಟ್ಟಬಾರದು ಅಂತ ಅವಳು ತನ್ನ ಮೈಯನ್ನೇ ಗಾಯ ಮಾಡಿಕೊಳ್ಳುತ್ತಾಳೆ. ಇಷ್ಟು ತಿಳಿದರೆ ಸಾಕು. ನೋಡಿದರೆ ಮಾತ್ರ ನಿಜವಾದ ಪ್ರೇಕ್ಷಕ ಅನ್ನುವ ಜಂಬ ಬೇಡ.

ಆಗ್ನೆಸ್ ಸಾಯುವ ದೃಶ್ಯದಲ್ಲಿ ಕಣ್ಣು ಮುಚ್ಚಿ ಪ್ರಯೋಜನವಿಲ್ಲ, ಹಿಂಸೆ ಇರುವುದು ಕಿವಿಯಲ್ಲಿ. ಹೆಡ್‌ಫೋನ್ ಒಂದು ನಿಮಿಷ ಪಕ್ಕಕ್ಕಿಡಿ.

ಮಾತು ಕೇಳಿಸದ ಜಾಗ

ಸಾವಾದ ಮೇಲೆ ಎಲ್ಲರೂ ಕಪ್ಪು ಬಟ್ಟೆಗೆ ಬರುತ್ತಾರೆ. ಕಾರಿನ್ ಮತ್ತು ಮರಿಯಾ ಜಗಳವಾಡುತ್ತಾರೆ, ಅಳುತ್ತಾರೆ. ಆಮೇಲೆ ಇದ್ದಕ್ಕಿದ್ದಂತೆ ಒಬ್ಬರ ಮುಖ ಒಬ್ಬರು ಸವರುತ್ತಾ ಏನೇನೋ ಮಾತಾಡತೊಡಗುತ್ತಾರೆ. ತುಟಿ ಅಲ್ಲಾಡುವುದು ಕಾಣುತ್ತದೆ. ಮಾತು ಕೇಳುವುದಿಲ್ಲ. ಬದಲಿಗೆ ಜರ್ಮನ್ ಸಂಗೀತಗಾರ ಬಾಖ್‌ನ ಚೆಲ್ಲೋ ವಾದ್ಯದ ಸಂಗೀತ. ಟಿವಿ ಕೆಟ್ಟಿದೆ ಅಂತ ರಿಮೋಟ್ ಹುಡುಕಬೇಡಿ.

ಈ ದೃಶ್ಯವನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ. ಹೊರಡುವ ಹೊತ್ತಿಗೆ ಕಾರಿನ್ ಬಂದು, ಆ ರಾತ್ರಿ ನೀನು ನನ್ನನ್ನು ಮುಟ್ಟಿದೆಯಲ್ಲ, ನೆನಪಿಲ್ವಾ ಅಂತ ಕೇಳುತ್ತಾಳೆ. ಅಂಥ ಚಿಲ್ಲರೆ ವಿಷಯವನ್ನೆಲ್ಲ ನೆನಪಿಟ್ಟುಕೊಳ್ಳಲು ಆಗುತ್ತಾ ಅನ್ನುವ ಅರ್ಥದಲ್ಲಿ ಮರಿಯಾ ಜಾರಿಕೊಳ್ಳುತ್ತಾಳೆ. ಗಾಜಿನ ಚೂರಿಗಿಂತ ಇದು ಜಾಸ್ತಿ ಕೊಯ್ಯುತ್ತದೆ. ಆದರೆ ಕೈಗಳ ಲೆಕ್ಕ ಇಟ್ಟವರಿಗೆ ಮಾತ್ರ.

ಸತ್ತವಳು ಕರೆಯುವ ರಾತ್ರಿ

ಇದು ಆನ್ನಾಳ ಕನಸಾ, ನಿಜವಾ ಅಂತ ಕೇಳಬೇಡಿ. ನಿಮಗೆ ಕನಸಿರಬಹುದು, ನನಗಲ್ಲ ಅಂತ ಸತ್ತ ಆಗ್ನೆಸ್ಸೇ ಹೇಳಿಬಿಡುತ್ತಾಳೆ. ಅವಳು ಒಬ್ಬೊಬ್ಬರನ್ನೇ ಕರೆದು, ಕೈ ಹಿಡಿದುಕೊ, ಸ್ವಲ್ಪ ಹೊತ್ತು ಇರು ಅನ್ನುತ್ತಾಳೆ. ಕಾರಿನ್ ಆಗುವುದಿಲ್ಲ ಅನ್ನುತ್ತಾಳೆ. ಮರಿಯಾ ಹತ್ತಿರ ಹೋಗಿ, ಆಗ್ನೆಸ್ ಅಪ್ಪಿಕೊಂಡ ಕೂಡಲೇ ಕಿರುಚಿ ಓಡುತ್ತಾಳೆ. ಉಳಿದವಳು ಆನ್ನಾ. ಸತ್ತವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂರುತ್ತಾಳೆ. ಏಸುವಿನ ದೇಹವನ್ನು ಮರಿಯಮ್ಮ ಮಡಿಲಲ್ಲಿ ಇಟ್ಟುಕೊಂಡ ಶಿಲ್ಪಗಳನ್ನು ನೀವು ಚಿತ್ರದಲ್ಲಾದರೂ ನೋಡಿರುತ್ತೀರಿ. ಬರ್ಗ್‌ಮನ್ ಪಾದ್ರಿಯ ಮಗ. ಅದನ್ನೇ ತಂದು ಕೆಲಸದವಳ ಮಡಿಲಿಗೆ ಹಾಕಿದ್ದಾನೆ.

ಪಾದ್ರಿಯ ವಿಷಯ ಬಂತಲ್ಲ. ಆಗ್ನೆಸ್ ಸತ್ತಾಗ ಒಬ್ಬ ಪಾದ್ರಿ ಬಂದು ಪ್ರಾರ್ಥನೆ ಮಾಡುತ್ತಾನೆ. ರೂಢಿಯ ಮಾತಿನಿಂದ ಶುರುವಾದ ಪ್ರಾರ್ಥನೆ ಕ್ರಮೇಣ ಹಳಿ ತಪ್ಪಿ, ನೀನಾದರೂ ದೇವರ ಹತ್ತಿರ ನಮ್ಮ ಪರವಾಗಿ ಕೇಳು ಅನ್ನುವ ಬೇಡಿಕೆಯಾಗುತ್ತದೆ. ಕೊನೆಗೆ ಅವನೇ, ಅವಳ ನಂಬಿಕೆ ನನ್ನದಕ್ಕಿಂತ ಗಟ್ಟಿಯಾಗಿತ್ತು ಅಂತ ಒಪ್ಪಿಕೊಳ್ಳುತ್ತಾನೆ. ಸಣ್ಣ ದೃಶ್ಯ. ಆ ಹೊತ್ತಿಗೆ ಟೀ ತರಲು ಏಳಬೇಡಿ.

ಮುಗಿದ ಮೇಲೆ

ಹೊರಗೆ ಹೋಗಿ. ನಿಜವಾಗಿಯೂ ಎದ್ದು ಹೋಗಿ. ಗಿಡಕ್ಕೆ ನೀರು ಹಾಕಿ, ಮೂಲೆ ಅಂಗಡಿಯಿಂದ ಹಾಲು ತನ್ನಿ. ಅವತ್ತು ವಿಮರ್ಶೆ ಓದಬೇಡಿ, ಸ್ಟಾರ್ ಕೊಡಬೇಡಿ. ಬೇಕಾದರೆ ನೆನಪಿನಲ್ಲಿ ಉಳಿದ ಮೂರು ಕೈಗಳ ಬಗ್ಗೆ ಮೂರು ಸಾಲು ಬರೆದಿಡಿ. ಒಂದು ವಾರ ಬಿಟ್ಟು ಅದನ್ನು ಓದಿದರೆ ಸಿನಿಮಾ ನಿಮಗೆ ಹಿಡಿಸಿತೋ ಇಲ್ಲವೋ ಅನ್ನುವುದಕ್ಕಿಂತ ಮುಖ್ಯವಾದದ್ದೇನೋ ಸಿಗುತ್ತದೆ.

ಇದು ಬರೀ ಪಂಡಿತರ ಸಿನಿಮಾ ಅಂತ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಇದನ್ನು ಬಿಡುಗಡೆ ಮಾಡಿದವನು ರೋಜರ್ ಕಾರ್ಮನ್, ಕಡಿಮೆ ಖರ್ಚಿನ ದೆವ್ವ-ಭೂತದ ಚಿತ್ರಗಳಿಗೆ ಹೆಸರಾದವನು. ಜನ ಬಂದರು. ಬೇರೆ ಭಾಷೆಯ ಚಿತ್ರವಾಗಿದ್ದರೂ ಅತ್ಯುತ್ತಮ ಚಿತ್ರದ ಆಸ್ಕರ್‌ಗೆ ನಾಮನಿರ್ದೇಶನ ಆಯಿತು. ಮಾಡುವಾಗ ದುಡ್ಡಿನ ತಾಪತ್ರಯ ಇತ್ತು. ಮುಖ್ಯ ನಟಿಯರು ಮತ್ತು ನೈಕ್ವಿಸ್ಟ್ ತಮ್ಮ ಸಂಭಾವನೆಯನ್ನೇ ಪಾಲು ಬಂಡವಾಳವಾಗಿ ಹಾಕಿದ್ದರು.

ಜಗಳ ಆಡಿ

ಮೆಚ್ಚುವುದು ಅಂದರೆ ತಲೆ ಬಾಗುವುದಲ್ಲ. ನನಗೆ ಎರಡು ತಕರಾರು ಇವೆ. ಗಂಡಸರೆಲ್ಲ ರಟ್ಟಿನ ಗೊಂಬೆಗಳು. ಮರಿಯಾಳನ್ನು ಕನ್ನಡಿ ಮುಂದೆ ನಿಲ್ಲಿಸಿ, ಅವಳ ಮುಖದ ಸುಕ್ಕುಗಳಲ್ಲಿ ಅವಳ ಸ್ವಭಾವ ಓದುವ ಡಾಕ್ಟರ್ ಒಬ್ಬನಿಗೆ ಸ್ವಲ್ಪ ಜೀವ ಇದೆ, ಅಷ್ಟೇ.

ಎರಡನೆಯದು ಆನ್ನಾ ಬಗ್ಗೆ. ಕೆಲಸದವಳನ್ನು ದೇವಿ ಮಾಡಿ ಕೂರಿಸಿದರೆ ಅವಳಿಗೆ ಸಂಬಳ ಕೊಡುವ ಮಾತು ಬರುವುದಿಲ್ಲ. ನಮ್ಮ ಮನೆಗಳಲ್ಲೂ ಇದೇ ಚಾಳಿ. "ಅವಳು ಮನೆಯವಳ ಹಾಗೆ" ಅನ್ನುತ್ತೇವೆ, ಹಬ್ಬಕ್ಕೆ ಹಳೆ ಸೀರೆ ಕೊಡುತ್ತೇವೆ. ಬರ್ಗ್‌ಮನ್ ಇದೇ ಬಲೆಗೆ ಬಿದ್ದ ಅಂತ ನಾನು ತುಂಬ ದಿನ ವಾದ ಮಾಡುತ್ತಿದ್ದೆ. ಈಗ ಅರ್ಧ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಯಾಕೆಂದರೆ ಮನೆಯವರು ಲೆಕ್ಕ ಚುಕ್ತಾ ಮಾಡುವ ದೃಶ್ಯವನ್ನು ಅವನೇ ಇಟ್ಟಿದ್ದಾನೆ. ಆಗ್ನೆಸ್ ನೆನಪಿಗೆ ಏನಾದರೂ ಒಂದು ವಸ್ತು ತಗೋ ಅನ್ನುತ್ತಾರೆ. ಏನೂ ಬೇಡ ಅನ್ನುತ್ತಾಳೆ ಆನ್ನಾ. ಹೋಗುವಾಗ ಮರಿಯಾ ಅವಸರದಲ್ಲಿ ಅವಳ ಕೈಗೆ ಒಂದು ನೋಟು ತುರುಕುತ್ತಾಳೆ. ಅಲ್ಲೂ ಕೈಗಳನ್ನೇ ನೋಡಿ.

ಮತ್ತೊಮ್ಮೆ ನೋಡಬೇಕಾ?

ಪೂರ್ತಿ ಬೇಡ. ಎರಡು ತುಣುಕು ಸಾಕು.

ಒಂದು, ಕೊನೆಯ ಐದು ನಿಮಿಷ. ಎಲ್ಲರೂ ಹೋದ ಮೇಲೆ ಆನ್ನಾ ಬಚ್ಚಿಟ್ಟಿದ್ದ ದಿನಚರಿ ತೆಗೆದು ಓದುತ್ತಾಳೆ. ಒಮ್ಮೆಲೇ ಕೆಂಪು ಹೋಗಿ ಹಸಿರು ತೋಟ, ಬಿಳಿ ಬಟ್ಟೆ, ಬಿಸಿಲು. ಆಗ್ನೆಸ್ ಇನ್ನೂ ಓಡಾಡುವ ಹಾಗಿದ್ದ ದಿನ. ಸೋದರಿಯರು ಉಯ್ಯಾಲೆಯಲ್ಲಿ ಕೂತಿದ್ದಾರೆ, ಆನ್ನಾ ಮೆಲ್ಲಗೆ ತೂಗುತ್ತಿದ್ದಾಳೆ. ಇಷ್ಟು ಕೊಟ್ಟ ಬದುಕಿಗೆ ನಾನು ಋಣಿ ಅಂತ ಆಗ್ನೆಸ್ ಬರೆದುಕೊಂಡಿದ್ದಾಳೆ. ಅಷ್ಟೆಲ್ಲ ನೋಡಿದ ಮೇಲೆ ಈ ಮಾತು ಸಮಾಧಾನವಾ, ಕ್ರೂರ ತಮಾಷೆಯಾ? ನನಗೆ ಪ್ರತಿ ಸಲ ಬೇರೆ ಥರ ಕೇಳಿಸುತ್ತದೆ.

ಇನ್ನೊಂದು, ಶುರುವಿನಲ್ಲೇ ಬರುವ ಆನ್ನಾಳ ಬೆಳಗು. ಎದ್ದು ಮೇಣದಬತ್ತಿ ಹಚ್ಚಿ, ಸತ್ತ ಮಗಳಿಗಾಗಿ ಮಂಡಿಯೂರಿ ಪ್ರಾರ್ಥನೆ ಮಾಡುತ್ತಾಳೆ. ಮುಗಿದ ಕೂಡಲೇ ದೀಪ ಊದಿ, ಒಂದು ಸೇಬು ತೆಗೆದು ಕಚ್ಚುತ್ತಾಳೆ. ಮೊದಲ ಸಲ ನೋಡಿದಾಗ ನನಗೆ ಸಿಟ್ಟು ಬಂದಿತ್ತು. ಮಗಳ ನೆನಪಾದ ಮರುಕ್ಷಣ ತಿನ್ನುವುದಾ ಅಂತ. ಆಮೇಲೆ ನಮ್ಮ ದೊಡ್ಡಮ್ಮ ಎಂಟು ತಿಂಗಳು ಮಲಗಿದ್ದರು. ಅವರನ್ನು ನೋಡಿಕೊಳ್ಳಲು ಒಬ್ಬ ಹೋಮ್ ನರ್ಸ್ ಬರುತ್ತಿದ್ದರು. ದೊಡ್ಡಮ್ಮ ಹೋದ ಬೆಳಿಗ್ಗೆ ನಾವೆಲ್ಲ ಫೋನ್ ಹಿಡಿದು ಓಡಾಡುತ್ತಿದ್ದೆವು. ಅವರು ಮೈ ಒರೆಸಿ, ಬಟ್ಟೆ ಬದಲಿಸಿ, ಕಣ್ಣು ಮುಚ್ಚಿಸಿ, ಕೈ ತೊಳೆದುಕೊಂಡು ಬಂದು ಅಡುಗೆಮನೆ ಮೂಲೆಯಲ್ಲಿ ನಿಂತು ನಿನ್ನೆಯ ಚಪಾತಿ ಸುತ್ತಿಕೊಂಡು ತಿನ್ನುತ್ತಿದ್ದರು. ನನ್ನನ್ನು ನೋಡಿ ಕಸಿವಿಸಿಯಿಂದ ಚಪಾತಿ ಕೆಳಗಿಟ್ಟರು. "ತಿನ್ನಿ ಅಕ್ಕ" ಅಂದೆ. ಟೀಗೆ ನೀರಿಟ್ಟೆ.